ಅಪ್ಪನ ಗಾಡಿಯಲ್ಲಿ ಅವ್ವ

ಒಂದು ವರ್ಷ ಯುಗಾದಿಯ ಒಬ್ಬಟ್ಟನ್ನು ನಾವು ಹಬ್ಬ ಕಳೆದ ಮೂರನೆಯ ದಿನ ತಿಂದೆವು. ಅಕ್ಕಪಕ್ಕದ ಮನೆಗಳ ಮಾವಿನ ತೋರಣ ಆಗಲೇ ಬಾಡಿ ಸುರುಟಿಕೊಂಡಿತ್ತು. ಅಮ್ಮ ಅವತ್ತು ಬೆಳಿಗ್ಗೆ ನಮ್ಮ ಬಾಗಿಲಿಗೆ ಹಸಿ ತೋರಣ ಕಟ್ಟಿ, ನನಗೆ ಎಣ್ಣೆ ಹಚ್ಚಿ ತಲೆಗೆ ನೀರೆರೆದು, ಬೇವುಬೆಲ್ಲ ಕೈಗಿಟ್ಟಳು. ಇದೇನು ರತ್ನಮ್ಮ, ನಿಮಗೆ ಇವತ್ತಾ ಯುಗಾದಿ ಎಂದು ಎದುರುಮನೆಯವರು ಕೇಳಿದರೆ, ಮನೆಯವರು ಬಂದ ದಿನ ನಮಗೆ ಹಬ್ಬ ಎಂದು ನಕ್ಕಳು. ಅಪ್ಪ ರೈಲಿನ ಗಾರ್ಡು. ಬೆಂಗಳೂರಿನಿಂದ ಮದರಾಸಿಗೆ ಹೋಗುವ ಉದ್ದ ದಾರಿಯ ಪ್ಯಾಸೆಂಜರ್ ಗಾಡಿಯನ್ನು ಜೋಲಾರಪೇಟೆಯವರೆಗೆ ನಡೆಸಿ, ಅಲ್ಲಿ ಇನ್ನೊಬ್ಬ ಗಾರ್ಡಿಗೆ ಒಪ್ಪಿಸಿ, ಮಾರನೆಯ ದಿನ ಆ ಕಡೆಯಿಂದ ಬಂದ ಗಾಡಿಯನ್ನು ಬೆಂಗಳೂರಿಗೆ ತರುವುದು ಅವನ ಕೆಲಸ. ಮನೆ ಮಾತ್ರ ನಡುದಾರಿಯ ಮಾಲೂರಿನಲ್ಲಿ. ಗೌರಿಹಬ್ಬವೋ ದೀಪಾವಳಿಯೋ, ಅವನ ಡ್ಯೂಟಿ ಮುಗಿಯುವವರೆಗೆ ನಮ್ಮ ಮನೆಯ ಹೊರಗೆ ಕಾಯುತ್ತಿದ್ದವು. ಉಳಿದ ಮಕ್ಕಳ ಹಬ್ಬ ಮುಗಿದ ಮೇಲೆ ನನ್ನದು ಶುರುವಾಗುತ್ತಿತ್ತಾದ್ದರಿಂದ ನನ್ನ ಒಬ್ಬಟ್ಟಿಗೆ ಬೀದಿಯ ಮಕ್ಕಳೆಲ್ಲ ನೆಂಟರು. ಅದರಲ್ಲಿ ನನಗೆ ಕೊರತೆ ಕಾಣಲೇ ಇಲ್ಲ, ಈಗಲೂ ಕಾಣುವುದಿಲ್ಲ.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಹೆಂಚಿನ ಕಾರ್ಖಾನೆಯ ಹೊಗೆ ಬರುವ ದಿಕ್ಕಿಗೆ ಬೆನ್ನು ಮಾಡಿದ್ದ ಬಾಡಿಗೆ ಮನೆ ಅದು. ಪಡಸಾಲೆ, ಒಂದು ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು ಮತ್ತು ಒಂದು ನುಗ್ಗೆಮರ. ಪಡಸಾಲೆಯ ಗೋಡೆಯ ಮೊಳೆಗೆ ಅಪ್ಪನ ಬಿಳಿ ಸಮವಸ್ತ್ರ ನೇತಾಡುತ್ತಿತ್ತು. ಕಲ್ಲಿದ್ದಲ ಎಂಜಿನ್ನಿನ ಕಾಲ. ಒಂದು ಸುತ್ತು ಹೋಗಿಬಂದರೆ ಆ ಬಿಳಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಅದನ್ನು ನೆನೆಹಾಕಿ, ಒಗೆದು, ನೀಲಿಗೆ ಹಾಕಿ, ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ, ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಒತ್ತುವಾಗ ಮನೆಯೆಲ್ಲ ಬಿಸಿ ಗಂಜಿಯ ವಾಸನೆ ತುಂಬುತ್ತಿತ್ತು. ಅಪ್ಪ ಎಷ್ಟು ಹೊತ್ತಿಗೆ ಬಂದರೂ ಅವನಿಗೆ ಮೊದಲು ಮುದ್ದೆ ಬೇಕು. ಹೊರಗೆ ಎರಡು ದಿನ ಅನ್ನ ತಿಂದು ಬಂದವನು ಮಣೆಯ ಮೇಲೆ ಕೂತು ಬಸ್ಸಾರಿನಲ್ಲಿ ಮುದ್ದೆ ಅದ್ದಿ ನುಂಗುವಾಗ ಅಮ್ಮ ಏನೂ ಮಾತಾಡುತ್ತಿರಲಿಲ್ಲ. ಎರಡನೇ ಮುದ್ದೆ ಬಡಿಸಿದ ಮೇಲೆ ಮನೆಯ ಸುದ್ದಿ ಶುರು. ನಾನು ಅಪ್ಪನ ಎಡಕ್ಕೆ ಕೂರುತ್ತಿದ್ದೆ. ಎಡಗಡೆಯಿಂದ ಮಾತಾಡಿದರೆ ನನಗೆ ಸರಿಯಾಗಿ ಕೇಳುತ್ತಿರಲಿಲ್ಲ. ಎಲ್ಲರಿಗೂ ಹಾಗೆಯೇ ಇರುತ್ತದೆಂದು ನಾನು ತಿಳಿದಿದ್ದೆ.

ಅಪ್ಪನ ಕೆಲಸವನ್ನು ಒಪ್ಪದೇ ಇದ್ದವಳು ಅವನ ತಾಯಿಯೊಬ್ಬಳೇ. ನಮ್ಮ ಕಡೆ ಅಜ್ಜಿಯನ್ನು ಅವ್ವ ಎಂದೇ ಕರೆಯುವುದು. ಅವ್ವ ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಮಾವಿನ ತೋಪಿನ ಮಧ್ಯೆ ಇದ್ದಳು. ಇದ್ದೊಬ್ಬ ಮಗ ತೋಪು ಬಿಟ್ಟು ರೈಲು ಸೇರಿದ್ದು ಅವಳಿಗೆ ಮೊದಲೇ ಬೇಸರ. ಗಾಡಿಯ ಬಾಲದಲ್ಲಿ ಸುಮ್ಮನೆ ಕೂತು ಹೋಗುವುದೂ ಒಂದು ಕೆಲಸವಾ ಎಂದು ಊರಿನವರ ಮುಂದೆ ಆಡುತ್ತಿದ್ದಳಂತೆ. ಆ ಬೇಸರ ಕಲ್ಲಾದದ್ದು ತಾತ ಸತ್ತ ದಿನ. ಮಾವಿನಕಾಯಿ ಕೀಳುವ ಬಿಸಿಲಿನಲ್ಲಿ ತಾತ ತೋಪಿನಲ್ಲೇ ಕುಸಿದು ಹೋದ. ಸುದ್ದಿ ಮಾಲೂರಿಗೆ ಬಂದಾಗ ಅಪ್ಪ ಗಾಡಿಯ ಮೇಲಿದ್ದ. ಹೆಣ ಇಡುವ ಕಾಲವಲ್ಲ. ಮಾರನೆಯ ದಿನ ಮಧ್ಯಾಹ್ನ ಅಪ್ಪ ಊರು ಮುಟ್ಟುವ ಹೊತ್ತಿಗೆ ತಾತನ ತಮ್ಮನ ಮಗ ಎಲ್ಲ ಮುಗಿಸಿ ತಲೆ ಬೋಳಿಸಿಕೊಂಡು ಕೂತಿದ್ದ. ಅವ್ವ ಅಪ್ಪನನ್ನು ಬಯ್ಯಲಿಲ್ಲ. ಎಲ್ಲಿದ್ದೆ, ಯಾಕೆ ತಡವಾಯಿತು ಎಂದೂ ಕೇಳಲಿಲ್ಲ. ಅವತ್ತಿನಿಂದ ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ, ಆ ರೈಲನ್ನು ನಾನು ಜನ್ಮದಲ್ಲಿ ಹತ್ತುವುದಿಲ್ಲ ಎಂದು. ಮಾಲೂರಿಗೆ ಬರಬೇಕಾದರೆ ಬಸ್ಸಿನಲ್ಲಿ ಕೋಲಾರಕ್ಕೆ ಬಂದು, ಅಲ್ಲಿ ಇಳಿದು ಮತ್ತೊಂದು ಬಸ್ಸು ಹತ್ತುತ್ತಿದ್ದಳು. ನಮ್ಮ ಮನೆಗೆ ಬಂದಮೇಲೆ ಗಾಡಿ ಕೂಗಿದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ಹೋಗುತ್ತಿದ್ದೆ, ಅವಳು ನುಗ್ಗೆಮರದ ಕೆಳಗೆ ಏನನ್ನಾದರೂ ಬಾಯಿಗೆ ಹಾಕುತ್ತಾಳೆಂಬ ಆಸೆಗೆ.

ನನಗೆ ಎಂಟು ವರ್ಷವಾಗಿದ್ದಾಗ ತಮ್ಮ ಹುಟ್ಟಿದ. ಬಾಣಂತನಕ್ಕೆಂದು ಅವ್ವ ಬಂದು ನಿಂತಳು. ಅಮ್ಮನಿಗೆ ಸೀಗೆಕಾಯಿ ಹಾಕಿ ಸುಡುನೀರು ಹುಯ್ಯುವುದು, ಮೆಣಸು ಬೆಳ್ಳುಳ್ಳಿ ಅರೆದು ಸಾರು ಮಾಡುವುದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ಎಲ್ಲ ಅವಳದೇ. ಅದೇ ಹೊತ್ತಿನಲ್ಲಿ ಶಾಲೆಯಿಂದ ಮೇಷ್ಟ್ರು ಹೇಳಿಕಳಿಸಿದರು. ಹುಡುಗಿ ಕೂಗಿದರೂ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ಅರ್ಧಕ್ಕರ್ಧ ತಪ್ಪು, ಕೊನೆಯ ಸಾಲಿನಲ್ಲಿ ಕೂರಿಸಿದ್ದೇನೆ, ಇವಳಿಗೆ ಓದು ಹತ್ತುವ ಹಾಗೆ ಕಾಣುವುದಿಲ್ಲ ಎಂದರು. ನನ್ನ ಎಡಗಿವಿ ಸೋರುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು; ಮಕ್ಕಳಿಗೆ ಕಿವಿ ಸೋರುವುದು ಆಗ ನೆಗಡಿಯಷ್ಟೇ ಸಾಮಾನ್ಯ. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಡುತ್ತಿದ್ದಳು. ಆ ಸಂಜೆ ಅಪ್ಪ ನನ್ನನ್ನು ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚು ಎಂದ. ಅವನ ಜೇಬುಗಡಿಯಾರದ ಟಿಕ್ ಟಿಕ್ ನನ್ನ ಬಲಗಿವಿಯಲ್ಲಿ ಕೇಳಿತು. ಆಮೇಲೆ ಅದು ನಿಂತಿತು. ಗಡಿಯಾರ ಎಲ್ಲಿದೆ ಹೇಳು ಎಂದು ಅಪ್ಪ ಕೇಳಿದಾಗ, ಜೇಬಿನಲ್ಲಿಟ್ಟೆಯಲ್ಲ ಎಂದೆ. ಕಣ್ಣು ಬಿಟ್ಟರೆ ಅದು ನನ್ನ ಎಡಗಿವಿಗೆ ಅಂಟಿಕೊಂಡೇ ಇತ್ತು. ಅಪ್ಪ ಇನ್ನೊಮ್ಮೆ, ಮತ್ತೊಮ್ಮೆ ಹಾಗೆಯೇ ಮಾಡಿ ನೋಡಿದ. ಕೊನೆಗೆ ಗಡಿಯಾರವನ್ನು ನನ್ನ ಕೈಗೇ ಕೊಟ್ಟು ಬೀದಿಯ ಕಡೆ ನೋಡುತ್ತಾ ಕೂತುಬಿಟ್ಟ. ಅದನ್ನು ಯಾರಿಗೂ ಮುಟ್ಟಗೊಡದವನು ನನಗೆ ಆಟಕ್ಕೆ ಕೊಟ್ಟನಲ್ಲ ಎಂದು ನನಗೆ ಅವತ್ತು ಖುಷಿಯೋ ಖುಷಿ.

ಕೋಲಾರದ ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ, ತಮಟೆ ತೂತಾಗಿದೆ, ಹೀಗೆ ಬಿಟ್ಟರೆ ಈ ಕಿವಿ ಪೂರ್ತಿ ಹೋಗುತ್ತದೆ, ಆಪರೇಷನ್ ಮಾಡಿ ಮುಚ್ಚಬೇಕು ಎಂದರು. ಅಪ್ಪನಂಥ ನೌಕರರ ಮನೆಯವರನ್ನು ನೋಡುವ ಆಸ್ಪತ್ರೆ ಮದರಾಸಿನಲ್ಲಿತ್ತು. ಅಪ್ಪ ಬರೆದುಹಾಕಿ ದಿನ ಗೊತ್ತುಮಾಡಿಸಿಕೊಂಡ. ಅವತ್ತು ನಮ್ಮ ಮನೆಯಲ್ಲಿ ಆದ ಜಗಳ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಮ್ಮ ಅತ್ತೆಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವ್ವನಿಗೆ ಕಿವಿಯ ಚಿಂತೆಗಿಂತ ಕತ್ತರಿಯ ಭಯ ದೊಡ್ಡದು. ಎಣ್ಣೆಗೆ ಹೋಗುವ ನೋವಿಗೆ ಯಾಕೆ ಕುಯ್ಯಿಸಬೇಕು, ಹೆಣ್ಣುಮಗುವಿಗೆ ಕಿವಿ ಕುಯ್ಯಿಸಿದ್ದಾರೆಂದು ಊರೆಲ್ಲ ಆದರೆ ನಾಳೆ ಇವಳನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಅಡುಗೆಮನೆಯಿಂದ ಹೇಳುತ್ತಲೇ ಇದ್ದಳು. ನಡುಮನೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು.

"ಅತ್ತೆ, ಯಾರು ಕೇಳ್ಕೊಂಡು ಬರ್ತಾರೋ ಬಿಡ್ತಾರೋ ಅದು ಆಮೇಲಿಂದು. ಈಗ ಅವ್ಳ್ನ ಹಿಂದಿನ್ ಸಾಲಲ್ಲಿ ಕೂರ್‍ಸವ್ರೆ. ಅಲ್ಲಿಂದ ಅವ್ಳು ಎದ್ದು ಬರ್ಬೇಕು. ನೀವು ಅಡ್ಡ ಬರ್ಬೇಡಿ, ಕೈಮುಗೀತೀನಿ."

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಅವತ್ತು ರಾತ್ರಿಯ ಊಟಕ್ಕೂ ಬರಲಿಲ್ಲ. ನಾನು ಮುಂದೆ ಬಹಳ ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದೆ. ಹೊಸ ತರಗತಿಗೆ ಕಾಲಿಟ್ಟ ದಿನ ಮೊದಲು ಕೊನೆಯ ಸಾಲಿನವರನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು, ಬೆನ್ನ ಹಿಂದೆ ನಿಂತು ಮೆಲ್ಲಗೆ ಅವರ ಹೆಸರು ಹೇಳಿ ನೋಡುತ್ತಿದ್ದೆ. ಜೊತೆಯವರು ಇದನ್ನು ಯಾವ ತರಬೇತಿಯಲ್ಲಿ ಕಲಿತಿರಿ ಎಂದು ಕೇಳುತ್ತಿದ್ದರು. ಬಾಣಂತಿ ಕೋಣೆಯಿಂದ ಬಂದ ಆ ನಾಲ್ಕು ಮಾತೇ ನನ್ನ ತರಬೇತಿ.

ಇನ್ನು ಉಳಿದದ್ದು, ನನ್ನ ಜೊತೆ ಯಾರು ಹೋಗುವುದು ಎಂಬ ಪ್ರಶ್ನೆ. ಅಮ್ಮ ಹಸಿ ಬಾಣಂತಿ. ಅಪ್ಪನಿಗೆ ರಜೆ ಸಿಕ್ಕಿದ್ದು ಒಂದು ದಿನ ತಡವಾಗಿ. ನಾವು ಹೋಗಬೇಕಾದ ದಿನ ಅದೇ ಗಾಡಿಗೆ ಅವನದೇ ಡ್ಯೂಟಿ. ಗಾಡಿಯಲ್ಲಿ ಅಪ್ಪ ಇದ್ದೂ ಮಗುವಿನ ಜೊತೆ ಕೂರುವಂತಿಲ್ಲ. ಜೋಲಾರಪೇಟೆಯಿಂದ ಮುಂದಕ್ಕಂತೂ ಅವನಿರುವುದೇ ಇಲ್ಲ. ಅಲ್ಲಿಂದ ವಾಪಸು ಗಾಡಿ ತಂದು ಬೆಂಗಳೂರಿಗೆ ಮುಟ್ಟಿಸಿದ ಮೇಲಷ್ಟೇ ಮದರಾಸಿಗೆ ಬರಬಹುದು. ಮುಳಬಾಗಿಲಿನಿಂದ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಬಂದಿದ್ದಳು. ಅವಳು ನನ್ನ ಜೊತೆ ಹೋಗುವುದೆಂದು ಮಾತಾಗಿತ್ತು. ಹೊರಡುವ ದಿನ ಬೆಳಗಿನ ಜಾವ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಅವ್ವ ರಾಗಿರೊಟ್ಟಿ ತಟ್ಟುತ್ತಿದ್ದಳು. ಹುಚ್ಚೆಳ್ಳು ಚಟ್ನಿ ಅರೆದಿಟ್ಟಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಚೀಲ, ಬಾಯಿ ಬಿಗಿದು ಕಟ್ಟಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಇಬ್ಬರೂ ಹಿಂದಿನ ಜಗಳದ ಮಾತೆತ್ತಲಿಲ್ಲ.

"ಬಾಣಂತೀನ ನಿಮ್ಮಕ್ಕ ನೋಡ್ಕೊಳ್ಳಿ," ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತಾ. "ಕುಯ್ಯೋವಾಗ ಮಗು ಅವ್ವ ಅಂತ ಅಳ್ತದೆ. ನಾನಲ್ಲದೆ ಇನ್ಯಾರು ಓಗೊಡ್ಬೇಕು."

ಮಾಲೂರು ಸ್ಟೇಷನ್ನಿನಲ್ಲಿ ಗಾಡಿ ಬಂದು ನಿಂತಾಗ ಅವ್ವ ಮೆಟ್ಟಿಲ ಮುಂದೆ ಒಂದು ಗಳಿಗೆ ತಡೆದು ನಿಂತಳು. ಗಾಡಿಯ ಬಾಲದ ಬ್ರೇಕ್ ಡಬ್ಬಿಯಿಂದ ಇಳಿದ ಅಪ್ಪ ತಾಯಿಯನ್ನು ಕಂಡು ಬೇಗ ಬೇಗ ಹತ್ತಿರ ಬಂದ. ಅವಳ ಚೀಲ ತೆಗೆದುಕೊಂಡು ಒಳಗಿಟ್ಟು, ತೋಳು ಹಿಡಿದು ಹತ್ತಿಸಿದ. ಅವನ ಡಬ್ಬಿಗೆ ಹತ್ತಿರದ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ನಮಗೆ ಜಾಗ ಮಾಡಿಕೊಟ್ಟು, ಪಾಸು ಅವ್ವನ ಕೈಗೆ ಕೊಟ್ಟು, ಗಾಡಿ ನಿಂತಕಡೆ ಬಂದು ನೋಡಿಹೋಗುತ್ತೇನೆ, ಆದರೆ ಡ್ಯೂಟಿಯ ಮೇಲೆ ನಿಮ್ಮ ಜೊತೆ ಕೂರಲಾಗುವುದಿಲ್ಲ ಎಂದ. ಅವ್ವ ಅವನ ಮುಖ ನೋಡಲಿಲ್ಲ. ಟೇಕಲ್ಲಿನಲ್ಲಿ ಬಂದ. ಬಂಗಾರಪೇಟೆಯಲ್ಲಿ ಬಂದು ನನಗೆ ಬಿಸಿ ಹಾಲು ಕೊಡಿಸಿದ. ಬೇರೆಯವರ ಅಪ್ಪಂದಿರೆಲ್ಲ ಮಕ್ಕಳ ಪಕ್ಕ ಕೂತಿದ್ದರು. ನನ್ನ ಅಪ್ಪ ಕಿಟಕಿಯ ಹೊರಗೆ, ಬಿಳಿ ಬಟ್ಟೆಯಲ್ಲಿ, ಕಂಕುಳಲ್ಲಿ ಸುತ್ತಿದ ಬಾವುಟಗಳನ್ನಿಟ್ಟುಕೊಂಡು ಬಂದು ಬಂದು ಹೋಗುತ್ತಿದ್ದ. ನನಗೆ ಅದೂ ಒಂದು ಜಂಬವೇ. ಎದುರಿಗೆ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸಿಗೆ, ಅದು ನಮ್ಮಪ್ಪ ಎಂದು ನಾಲ್ಕು ಸಲವಾದರೂ ಹೇಳಿರಬೇಕು.

ಕುಪ್ಪಂ ಬಿಡುತ್ತಿದ್ದ ಹಾಗೆ ನನ್ನ ಕಿವಿ ನೋಯತೊಡಗಿತು. ಕಿಟಕಿಯ ಗಾಳಿ ತಾಗಿತೋ ಏನೋ, ಮೊದಲು ಚುಳಕ್ಕೆಂದು, ಆಮೇಲೆ ತಲೆಯೊಳಗೆ ಯಾರೋ ಮೊಳೆ ಬಡಿದಂತೆ. ಹತ್ತಿ ಒದ್ದೆಯಾಗಿ ಕೀವು ಕತ್ತಿನ ಮೇಲೆ ಇಳಿಯಿತು. ನಾನು ಅವ್ವನ ಮಡಿಲಲ್ಲಿ ಹೊರಳಾಡಿ ಅಪ್ಪ ಬೇಕು, ಅಪ್ಪ ಬೇಕು ಎಂದು ಒಂದೇ ಸಮ ಅತ್ತೆ. ಅವ್ವ ಸೆರಗನ್ನು ಬಾಯಿಯ ಬಿಸಿಯಲ್ಲಿ ಬೆಚ್ಚಗೆ ಮಾಡಿ ಕಿವಿಗೆ ಒತ್ತಿ ಹಿಡಿದಳು. ಕುಪ್ಪಂ ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಅಪ್ಪ ಓಡುತ್ತಲೇ ಬಂದ. ನನ್ನ ಅಳು ಅವನಿಗೆ ಅಲ್ಲಿಯವರೆಗೆ ಕೇಳಿತ್ತೇನೋ. ಕಿಟಕಿಯ ಸರಳಿನೊಳಗೆ ಕೈ ತೂರಿಸಿ ನನ್ನ ತಲೆ ಸವರಿದ. ಅವ್ವ ಅವನ ಆ ಕೈಯನ್ನು ಹಿಡಿದುಕೊಂಡಳು.

"ಒಳೀಕೆ ಬಾರೋ ಶ್ರೀರಾಮ. ಒಂದ್ ಸ್ಟೇಷನ್ನು, ಅಷ್ಟೇ. ಮಗು ನಿನ್ನೇ ಕೇಳ್ತಾ ಐತೆ."

"ಆಗಲ್ಲಮ್ಮ."

"ಯಾಕಾಗಲ್ಲ? ನೀನಿಲ್ದಿದ್ರೆ ಗಾಡಿ ಓಡಲ್ವಾ?"

"ಓಡಲ್ಲಮ್ಮ. ನಾನು ಹೋಗಿ ಬಾವುಟ ತೋರಿಸೋಗಂಟ ಇದು ಕದಲಲ್ಲ. ಇಷ್ಟೂ ಜನ ಇಲ್ಲೇ."

ಅಷ್ಟರಲ್ಲಿ ಮುಂದಿನಿಂದ ಎಂಜಿನ್ನು ಕೂಗಿತು. ಅಪ್ಪ ತಾಯಿಯ ಹಿಡಿತದಿಂದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಹೋಗುವಾಗ ತಿರುಗಿ ನೋಡಲಿಲ್ಲ. ಅವ್ವ ನನ್ನನ್ನು ಎದೆಗೆ ಅವುಚಿಕೊಂಡೇ ಕಿಟಕಿಗೆ ಮುಖ ಒತ್ತಿ ಹಿಂದಕ್ಕೆ ನೋಡಿದಳು. ಅಪ್ಪ ತನ್ನ ಡಬ್ಬಿಯ ಪಕ್ಕ ನಿಂತು ಗಾಡಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಮುದುಕನೊಬ್ಬ ಗಂಟು ಹೊತ್ತುಕೊಂಡು ಓಡಿಬರುತ್ತಿದ್ದ. ಅವನು ಹತ್ತುವವರೆಗೆ ಕಾದ. ಆಮೇಲೆ ಹಸಿರು ಬಾವುಟ ಬಿಚ್ಚಿ ಎತ್ತಿ ಹಿಡಿದ. ಅಷ್ಟು ಉದ್ದದ ಗಾಡಿ, ನಮ್ಮ ಕಣ್ಣಿಗೆ ಕಾಣದಷ್ಟು ದೂರದ ಎಂಜಿನ್ನು, ಆ ಮೊಳದಷ್ಟು ಬಟ್ಟೆಯನ್ನು ಕಂಡು ಅಲ್ಲಾಡಿ ಹೊರಟಿತು. ಅವ್ವ ಮತ್ತೆ ಸರಿಯಾಗಿ ಕೂತಳು. ನಾನು ಅತ್ತು ಸುಸ್ತಾಗಿ ಅವಳ ಎದೆಗೆ ಬಲಗಿವಿ ಒತ್ತಿ ಮಲಗಿದ್ದೆ. ಅವಳ ಮಾತು ನನಗೆ ಅವಳ ಎದೆಯೊಳಗಿನಿಂದಲೇ ಕೇಳಿತು. ಅವಳು ಅದನ್ನು ನನಗೆ ಹೇಳಲಿಲ್ಲ. ತನಗೆ ತಾನೇ ಹೇಳಿಕೊಂಡಳು.

"ಅವತ್ತೂ ಹಿಂಗೇ ನಿಂತಿದ್ನೇನೋ."

ಜೋಲಾರಪೇಟೆಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. ಅಪ್ಪ ಮುಂದಿನ ಗಾರ್ಡಿಗೆ ಕಾಗದಪತ್ರ ಒಪ್ಪಿಸಿ, ಸಹಿ ಮಾಡಿ, ಈಗ ಬಿಡುವಾದವನಂತೆ ನಮ್ಮ ಡಬ್ಬಿಯೊಳಗೆ ಬಂದು ನನ್ನನ್ನು ಎತ್ತಿಕೊಂಡ. ಸ್ಟೇಷನ್ನಿನಲ್ಲಿ ಯಾರಿಂದಲೋ ನೋವಿನ ಮಾತ್ರೆ ತಂದಿದ್ದ. ಅದನ್ನು ನುಂಗಿಸಿ, ಅವನ ಹೆಗಲ ಮೇಲೆ ನನ್ನ ತಲೆ ಇಟ್ಟುಕೊಂಡು ಅತ್ತಿತ್ತ ಓಡಾಡಿದ. ನೋವು ನಿಧಾನಕ್ಕೆ ಇಳಿಯಿತು. ಅವ್ವ ಗಂಟು ಬಿಚ್ಚಿ ಅವನಿಗೆ ಎರಡು ರೊಟ್ಟಿಯ ಮೇಲೆ ಚಟ್ನಿ ಹಾಕಿ ಕೊಟ್ಟಳು. ಅವನು ತಿನ್ನುವುದನ್ನು ನೋಡುತ್ತಾ ಇದ್ದು, ಮಾವಿನಕಾಯಿಯ ಬೆಲೆ ಕೇಳುವಷ್ಟೇ ಸಾಧಾರಣ ದನಿಯಲ್ಲಿ ಕೇಳಿದಳು.

"ನಿಮ್ಮಪ್ಪ ಹೋದ್ ದಿನ ಎಲ್ಲಿದ್ಯೋ?"

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಆರು ವರ್ಷದ ಮೇಲೆ ಬಂದ ಪ್ರಶ್ನೆ ಅದು.

"ಕುಪ್ಪಂನಲ್ಲಿ ಸ್ಟೇಷನ್ ಮಾಸ್ಟ್ರು ಬಂದು ಹೇಳಿದ್ರಮ್ಮ. ಅಲ್ಲಿ ಬೇರೆ ಗಾರ್ಡು ಇರ್ಲಿಲ್ಲ. ಇಲ್ಲೀಗಂಟ ನಾನೇ ತರ್ಬೇಕಿತ್ತು."

"ದಾರೀಲಿ ಅತ್ಯಾ?"

"ಇಲ್ಲ. ಕಣ್ಣು ಮಂಜಾದ್ರೆ ಸಿಗ್ನಲ್ ಕಾಣಲ್ಲ. ಇಲ್ಲಿಗೆ ಬಂದು ಗಾಡಿ ಒಪ್ಪಿಸ್ಬಿಟ್ಟು, ಆಮೇಲೆ ಅತ್ತೆ. ಆ ನಲ್ಲಿ ಹತ್ರ."

ಅವನು ಪ್ಲಾಟ್‌ಫಾರಮ್ಮಿನ ಕೊನೆಯ ಒಂದು ನಲ್ಲಿಯನ್ನು ತೋರಿಸಿದ. ಅವ್ವ ಆ ನಲ್ಲಿಯನ್ನೇ ನೋಡಿದಳು. ಹೆಂಗಸರು ಕೊಡ ಹಿಡಿದು ನಿಂತಿದ್ದರು. ನೀರು ಸುಮ್ಮನೆ ಸುರಿಯುತ್ತಿತ್ತು. ಆಮೇಲೆ ಸೆರಗಿನ ತುದಿಯನ್ನು ಒದ್ದೆ ಮಾಡಿ ಅಪ್ಪನ ಮುಖವನ್ನು ಚಿಕ್ಕ ಮಗುವಿನ ಮುಖದಂತೆ ಹಿಡಿದು ಒರೆಸಿದಳು, ಹಣೆ, ಕೆನ್ನೆ, ಕಿವಿಯ ಹಿಂದೆ. ಸೆರಗಿಗೆ ಹತ್ತಿದ ಕಲ್ಲಿದ್ದಲ ಮಸಿಯನ್ನು ನೋಡಿ, ಇಷ್ಟು ಮಸಿ ಮೈಗೆ ಹಚ್ಚಿಕೊಂಡು ಬರುತ್ತೀಯಲ್ಲೋ ಎಂದಳು. ಅಪ್ಪನಿಗೆ ಆಗ ಮೂವತ್ತೈದು ದಾಟಿತ್ತು. ಅವನು ಮುಖ ತಿರುಗಿಸಲಿಲ್ಲ.

ಅಲ್ಲಿಂದ ಮುಂದಕ್ಕೆ ನಮ್ಮನ್ನು ಒಪ್ಪಿಸಿಕೊಂಡವರು ದೊರೈಸ್ವಾಮಿ ಎಂಬ ದಪ್ಪ ಮೀಸೆಯ ಗಾರ್ಡು. ಅವರಿಗೆ ಕನ್ನಡ ಬಾರದು, ಅವ್ವನಿಗೆ ತಮಿಳು ಬಾರದು. ಆದರೆ ಅವರ ಅರ್ಧ ಬದುಕು ಆಂಧ್ರದ ಗಡಿಯ ಸ್ಟೇಷನ್ನುಗಳಲ್ಲಿ ಕಳೆದಿತ್ತು, ಅವ್ವನಿಗೆ ಕನ್ನಡದಷ್ಟೇ ತೆಲುಗು ಬಾಯಲ್ಲಿತ್ತು. ಅವರು ಕಿಟಕಿಗೆ ಬಂದು "ಭಯಪಡಕಂಡಮ್ಮಾ, ನೇನುನ್ನಾನು" ಎಂದದ್ದೇ, ಹೆದರಬೇಡಿ ನಾನಿದ್ದೇನೆ ಎಂಬ ಆ ಮಾತಿಗೆ ಅವ್ವನ ಮುಖ ಅರಳಿತು. ಅಪ್ಪನ ಹಾಗೆಯೇ ಅವರೂ ಪ್ರತಿ ಸ್ಟೇಷನ್ನಿನಲ್ಲಿ ಬಂದು ವಿಚಾರಿಸಿದರು. ಕಾಟ್ಪಾಡಿಯಲ್ಲಿ ನನಗೆ ಕಿತ್ತಳೆಹಣ್ಣು ಕೊಟ್ಟರು. ಅವ್ವ ಈ ಸಲ ಅವರನ್ನು ಒಳಗೆ ಬಂದು ಕೂರಲು ಕರೆಯಲಿಲ್ಲ. ಗಾಡಿ ಹೊರಡುವ ಮುಂಚೆ ಕಿಟಕಿಯಿಂದ ಕತ್ತು ಚಾಚಿ ಅವರ ಬಾವುಟ ಮೇಲೇರುವುದನ್ನು ನೋಡಿ, ಏರಿದ ಮೇಲೆ, ಹೂಂ, ಇನ್ನು ಹೊರಡ್ತದೆ ಎಂದು ಡಬ್ಬಿಯವರಿಗೆಲ್ಲ ತಿಳಿಸುತ್ತಿದ್ದಳು. ಪಕ್ಕದಲ್ಲಿದ್ದವರಿಗೆ ತನ್ನ ಮಗನೂ ಇದೇ ಕೆಲಸದಲ್ಲಿರುವುದನ್ನು ಹೇಳಿದಳು. ಅದು ಎಷ್ಟು ಜವಾಬ್ದಾರಿಯ ಕೆಲಸ ಎಂಬುದನ್ನೂ ಹೇಳಿದಳು.

ಮದರಾಸಿನಲ್ಲಿ ದೊರೈಸ್ವಾಮಿಯವರು ನಮ್ಮನ್ನು ತಮ್ಮ ಮನೆಗೇ ಕರೆದೊಯ್ದರು. ಒಂದೂವರೆ ಕೋಣೆಯ ಆ ಮನೆಯಲ್ಲಿ ಅವರದೇ ಆರು ಜನ. ಅವರ ಹೆಂಡತಿ ಅವ್ವನಿಗೆ ಒಳಗಿನ ಚಾಪೆ ಬಿಟ್ಟುಕೊಟ್ಟು ತಾನು ಅಡುಗೆಮನೆಯಲ್ಲಿ ಮಲಗಿದಳು. ಆಸ್ಪತ್ರೆಯಲ್ಲಿದ್ದ ಅಷ್ಟು ದಿನವೂ ಬಿಸಿ ರಸ ಮತ್ತು ಮೆತ್ತಗಿನ ಅನ್ನ ಆ ಮನೆಯಿಂದಲೇ ಬಂತು. ಆ ತಾಯಿಯ ಹೆಸರು ನನಗೆ ಗೊತ್ತಿಲ್ಲ. ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಅನ್ನ ಉಂಡ ಮನೆಯ ಹೆಸರನ್ನು ಕೇಳದೆ ಬಂದೆನಲ್ಲ ಎಂಬುದು ಇವತ್ತಿಗೂ ಮನಸ್ಸಿನಲ್ಲಿದೆ. ಆಪರೇಷನ್ನಿನ ದಿನ ಅಪ್ಪ ಬೆಳಿಗ್ಗೆಯೇ ಬಂದು ಮುಟ್ಟಿದ್ದ. ನನ್ನನ್ನು ಒಳಗೆ ಕರೆದೊಯ್ಯುವಾಗ ಕನ್ನಡಕದ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ನಾನು ಅವ್ವ ಎಂದು ಅತ್ತದ್ದು ನಿಜ. ಬಾಗಿಲ ಆಚೆಯಿಂದ ಅವ್ವ, ಇಲ್ಲೇ ಇವ್ನಿ ಕಣೇ, ಇಲ್ಲೇ ಇವ್ನಿ ಎಂದು ದೊಡ್ಡ ದನಿಯಲ್ಲಿ ಕೂಗಿ, ಸುಮ್ಮನಿರಿ ಎಂದು ಗದರಿಸಿಕೊಂಡರೂ ನಿಲ್ಲಿಸಲಿಲ್ಲವಂತೆ. ಆಮೇಲಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ತಲೆಗೆ ಬಿಳಿ ಪಟ್ಟಿ ಸುತ್ತಿತ್ತು, ಅವ್ವ ನನ್ನ ಅಂಗಾಲು ಉಜ್ಜುತ್ತಿದ್ದಳು.

ಅಪ್ಪನ ರಜೆ ನಾಲ್ಕು ದಿನಕ್ಕೆ ಮುಗಿಯಿತು. ಆಮೇಲೆ ಅವನು ಡ್ಯೂಟಿ ಮಾಡುತ್ತಲೇ, ಬಿಡುವು ಸಿಕ್ಕ ಹೊತ್ತಿನಲ್ಲಿ ಸಿಕ್ಕ ಗಾಡಿ ಹತ್ತಿ ಮದರಾಸಿಗೆ ಬಂದು, ಒಂದೆರಡು ಗಂಟೆ ನನ್ನ ಹಾಸಿಗೆಯ ಪಕ್ಕ ಕೂತು, ಮತ್ತೆ ಓಡುತ್ತಿದ್ದ. ಅವನ ಕಣ್ಣು ಕೆಂಪಾಗಿ ಗುಳಿಬಿದ್ದಿತ್ತು. ಮೂರು ವಾರ ಕಳೆದು ಡಾಕ್ಟರಮ್ಮ ಕಿವಿಯೊಳಗೆ ತುಂಬಿದ್ದ ಬಟ್ಟೆ ತೆಗೆದರು. ಒಳಗೆ ಚೆನ್ನಾಗಿ ಕೂಡಿಕೊಂಡಿದೆ, ಎಷ್ಟು ಕೇಳುತ್ತದೆ ಎಂಬುದನ್ನು ಈಗಲೇ ಹೇಳಲಾಗದು, ಕಾದು ನೋಡಿ ಎಂದರು. ಮಾರನೆಯ ದಿನ ನಾವು ಮೂವರೂ ಊರಿಗೆ ಹೊರಟೆವು. ಅಪ್ಪ ಅವತ್ತು ಪಂಚೆ ಉಟ್ಟು, ಮಾಮೂಲಿ ಪ್ರಯಾಣಿಕನಾಗಿ ನಮ್ಮ ಜೊತೆ ಕೂತ. ನಾನು ಕಿಟಕಿಯ ಪಕ್ಕ ಬಲಕ್ಕೆ ಒರಗಿಕೊಂಡಿದ್ದೆ, ನನ್ನ ಎಡಕ್ಕೆ ಅವ್ವ, ಅವಳ ಆಚೆಗೆ ಅಪ್ಪ. ಮೊದಲು ಅವನಿಗೆ ಸುಮ್ಮನೆ ಕೂರಲೇ ಬರಲಿಲ್ಲ. ಗಾಡಿ ನಿಂತಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ಹಿಂದೆ ಮುಂದೆ ನೋಡಿ ಬರುತ್ತಿದ್ದ.

ಜೋಲಾರಪೇಟೆ ದಾಟಿದ ಮೇಲೆ ನಿದ್ದೆ ಅವನನ್ನು ಹಿಡಿಯಿತು. ಕೂತಲ್ಲೇ ತೂಗಿ, ಅವ್ವನ ಭುಜಕ್ಕೆ ಜಾರಿ, ಬಂಗಾರಪೇಟೆ ಬರುವಷ್ಟರಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಕಾಲು ಮಡಿಚಿ ಮಲಗಿಬಿಟ್ಟಿದ್ದ. ಅವ್ವ ಅವನ ಮುಖದ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತಿದ್ದಳು. ಸಂಜೆಯ ಬಿಸಿಲಿನಲ್ಲಿ ಹೆಂಚಿನ ಕಾರ್ಖಾನೆಯ ಚಿಮಣಿ ಕಂಡಿತು. ಗಾಡಿ ನಿಂತಿತು. ಹಲಗೆಯ ಮೇಲೆ ಮಾಲೂರು ಎಂದು ಓದಿದೆ. ಅವ್ವನಿಗೆ ಓದಲು ಬಾರದು, ಆದರೆ ಊರು ಅವಳಿಗೂ ಗೊತ್ತು. ನಾನು ಅಪ್ಪನನ್ನು ಎಬ್ಬಿಸಲು ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದುಕೊಂಡು, ನನ್ನ ಕಡೆ ಬಾಗಿ, ಬಾಯಿಯನ್ನು ಹತ್ತಿರ ತಂದು ಪಿಸುಗುಟ್ಟಿದಳು. ಎಬ್ಬಿಸಬೇಡ, ಮಲಗಲಿ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು. ನಾನು ಹೂಂ ಎಂದೆ. ಬಾವುಟ ಎದ್ದಿರಬೇಕು, ನಮ್ಮ ಮಾಲೂರು ನಮ್ಮನ್ನು ಬಿಟ್ಟು ನಿಧಾನವಾಗಿ ಹಿಂದಕ್ಕೆ ಹೋಯಿತು.

ಅಪ್ಪನಿಗೆ ಎಚ್ಚರವಾದದ್ದು ವೈಟ್‌ಫೀಲ್ಡಿನಲ್ಲಿ. ಧಡಕ್ಕನೆ ಎದ್ದು, ಹೊರಗೆ ನೋಡಿ, ಪಂಚೆ ಸರಿಮಾಡಿಕೊಳ್ಳುತ್ತಾ, ಮಾಲೂರು ಹೋಯಿತಾ ಎಂದು ಗಾಬರಿಯಾದ. ಗಾರ್ಡೇ ಊರು ಇಳಿಯದೆ ಮಲಗಿದ ಎಂದು ಜೊತೆಯವರು ನಗುತ್ತಾರೆ, ಯಾಕಮ್ಮ ಎಬ್ಬಿಸಲಿಲ್ಲ ಎಂದ. ಅವ್ವ ಜೋಮು ಹಿಡಿದ ಕಾಲನ್ನು ನೀವಿಕೊಳ್ಳುತ್ತಾ, ಇವತ್ತು ಇದು ನಿನ್ನ ಗಾಡಿಯಲ್ಲವಲ್ಲ, ಸುಮ್ಮನೆ ಕೂರು ಎಂದಳು. ಅಪ್ಪ ನನ್ನ ಕಡೆ ತಿರುಗಿದ.

"ನೀನಾದ್ರೂ ಎಬ್ಬಿಸ್ಬಾರ್ದಾ?"

"ಅವ್ವ ಬೇಡ ಅಂದ್ಲು. ಮೆಲ್ಲಗೆ ಅಂದ್ಲು."

ಅಪ್ಪ ಅವ್ವ ಕೂತಿದ್ದ ಜಾಗವನ್ನು ನೋಡಿದ, ನಾನು ಒರಗಿದ್ದ ಕಿಟಕಿಯನ್ನು ನೋಡಿದ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಎಷ್ಟು ಮೆಲ್ಲಗೆ ಅಂದ್ಲು? ಯಾವ್ ಕಿವೀಲಿ ಕೇಳ್ತು?"

ನಾನು ಸ್ವಲ್ಪ ಯೋಚನೆ ಮಾಡಿ ಎಡಗಿವಿಯನ್ನು ಮುಟ್ಟಿ ತೋರಿಸಿದೆ. ಕಾಲು ನೀವುತ್ತಿದ್ದ ಅವ್ವನ ಕೈ ನಿಂತಿತು. ವೈಟ್‌ಫೀಲ್ಡಿನಲ್ಲಿ ಇಳಿದು ವಾಪಸು ಗಾಡಿ ಹಿಡಿಯಬೇಕಿತ್ತು. ಮೂವರಲ್ಲಿ ಒಬ್ಬರೂ ಏಳಲಿಲ್ಲ. ಎಂಜಿನ್ನು ಕೂಗಿತು. ಅಪ್ಪ ನನ್ನ ಪಾದಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಡಬ್ಬಿಯ ನೆಲದ ಮೇಲೆಯೇ ಕೂತಿದ್ದ. ಸಿಗ್ನಲ್ ನೋಡುವುದು ಅವತ್ತು ಅವನ ಕೆಲಸವಾಗಿರಲಿಲ್ಲ. ಬೆಂಗಳೂರು ಬರುವವರೆಗೂ ಅವನು ಅಳುತ್ತಲೇ ಇದ್ದ.